ಹಡಗಿನ ಮೇಲೊಂದು ಹೆಸರು



ನೌಕಾಪಡೆಯ ಹಡಗು ಎಂದೊಡನೆ ನಮಗೆ ನೆನಪಾಗುವುದು ಯುದ್ಧ. ಆದರೆ ಅಮೆರಿಕದ ನೌಕಾಪಡೆಯಲ್ಲಿ ಸಮುದ್ರದ ತಳವನ್ನು ಅಳೆಯುವುದಕ್ಕೆಂದೇ ಕಟ್ಟಿದ ಹಡಗುಗಳಿವೆ. ಸುಮಾರು 100 ಮೀಟರ್ ಉದ್ದದ ಈ ಹಡಗುಗಳನ್ನು ನಡೆಸುವವರು ಸೈನಿಕರಲ್ಲ. ಕ್ಯಾಪ್ಟನ್, ಎಂಜಿನಿಯರ್, ಅಡುಗೆಯವರು ಎಲ್ಲರೂ ನಾಗರಿಕ ನೌಕರರು. ಅವರೊಂದಿಗೆ ನೌಕಾ ಸಾಗರ ವಿಜ್ಞಾನ ಕಚೇರಿಯ ಸರ್ವೇ ತಜ್ಞರೂ ಇರುತ್ತಾರೆ.

ಆಳವನ್ನು ಅಳೆಯುವುದು ಹೇಗೆ? ಹಡಗಿನ ತಳದಿಂದ ಶಬ್ದವನ್ನು ಕೆಳಗೆ ಕಳುಹಿಸುತ್ತಾರೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಚಲಿಸುತ್ತದೆ. ಪ್ರತಿಧ್ವನಿ 4 ಸೆಕೆಂಡಿನಲ್ಲಿ ಮರಳಿದರೆ, ಹೋಗಲು 2, ಬರಲು 2. ಅಂದರೆ ಆಳ 3,000 ಮೀಟರ್. ನಿಮ್ಮ ಶಾಲೆಯ ಲೆಕ್ಕವೇ ಇದು! ಹೊಲ ಉಳುವವರಂತೆ ಹಡಗು ಸಾಲು ಹಿಡಿದು ಹೋಗಿ ಬರಬೇಕು. ಸಾಲು ತಪ್ಪಿದರೆ ನಕ್ಷೆಯಲ್ಲಿ ಜಾಗ ಖಾಲಿ ಉಳಿಯುತ್ತದೆ. ಆದ್ದರಿಂದ ಚುಕ್ಕಾಣಿ ಹಿಡಿದವನ ಶ್ರದ್ಧೆಯೂ ವಿಜ್ಞಾನದ ಭಾಗವೇ.

2007ರ ಜನವರಿ 1ರಂದು 102 ಜನರಿದ್ದ ವಿಮಾನವೊಂದು ಇಂಡೋನೇಷ್ಯಾದ ಸುಲಾವೆಸಿ ಬಳಿ ಸಮುದ್ರದ ಪಾಲಾಯಿತು. ಅದರ ಕಪ್ಪು ಪೆಟ್ಟಿಗೆಗಳ ಸಂಕೇತವನ್ನು ಆಳದಿಂದ ಹಿಡಿದದ್ದು ಇಂಥದೇ ಹಡಗು, 'ಮೇರಿ ಸಿಯರ್ಸ್'. ಅದೇ ವರ್ಷ ಪೆಟ್ಟಿಗೆಗಳನ್ನು ಮೇಲೆತ್ತಿದರು. ದುರಂತದ ಕಾರಣ ತಿಳಿಯಿತು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಮೇರಿ ಥಾರ್ಪ್ ಎಂಬ ಭೂವಿಜ್ಞಾನಿ 1948ರಲ್ಲಿ ನ್ಯೂಯಾರ್ಕಿನಲ್ಲಿ ಕೆಲಸಕ್ಕೆ ಸೇರಿದರು. ಆ ದಿನಗಳಲ್ಲಿ ಹೆಣ್ಣೆಂಬ ಕಾರಣಕ್ಕೆ ಸಂಶೋಧನಾ ಹಡಗು ಹತ್ತಲು ಅವರಿಗೆ ಅವಕಾಶವಿರಲಿಲ್ಲ. ಸಹೋದ್ಯೋಗಿ ಬ್ರೂಸ್ ಹೀಜನ್ ಹಡಗಿನಿಂದ ತಂದ ಅಂಕಿಗಳನ್ನು ಮೇಜಿನ ಮೇಲಿಟ್ಟು ಅವರು ನಕ್ಷೆ ಬರೆದರು. ಅಟ್ಲಾಂಟಿಕ್ ಸಾಗರದ ನಡುವಣ ಪರ್ವತಸಾಲಿನಲ್ಲಿ ಆಳವಾದ ಸೀಳೊಂದು ಕಂಡಿತು. ಹೀಜನ್ ಮೊದಲು ಅದನ್ನು ಹೆಂಗಸರ ಹರಟೆಯೆಂದು ತಳ್ಳಿಹಾಕಿದರು. ಥಾರ್ಪ್ ಹಿಂಜರಿಯಲಿಲ್ಲ. ಮತ್ತೆ ಲೆಕ್ಕ ಹಾಕಿದರು. ಕೊನೆಗೆ ಹೀಜನ್ ಕೂಡ ಒಪ್ಪಬೇಕಾಯಿತು. ಭೂಖಂಡಗಳು ಸರಿಯುತ್ತವೆ ಎಂಬುದಕ್ಕೆ ಆ ಸೀಳು ದೊಡ್ಡ ಸಾಕ್ಷಿಯಾಯಿತು. 1968ರಲ್ಲಿ ಅವರು ಕೊನೆಗೂ ಸರ್ವೇ ಹಡಗನ್ನೇರಿ ಸಮುದ್ರಕ್ಕೆ ಹೋದರು.

ಹೀಜನ್ ಹೆಸರಿನ ಸರ್ವೇ ಹಡಗು ಮೊದಲೇ ಇತ್ತು. 2023ರಲ್ಲಿ ಅದೇ ವರ್ಗದ ಇನ್ನೊಂದು ಹಡಗಿಗೆ 'ಮೇರಿ ಥಾರ್ಪ್' ಎಂದು ಹೊಸದಾಗಿ ಹೆಸರಿಟ್ಟರು. ಆಗ ಅವರು ತೀರಿಕೊಂಡು 16 ವರ್ಷ ಕಳೆದಿತ್ತು.

ತಂದೆತಾಯಂದಿರೇ, ಈ ಕೆಲಸ ಹೆಣ್ಣುಮಕ್ಕಳಿಗಲ್ಲ ಎನ್ನುವ ಮುಂಚೆ ಈ ಹಡಗನ್ನು ನೆನೆಯಿರಿ. ವಿದ್ಯಾರ್ಥಿನಿಯರೇ, ಬಾಗಿಲು ಮುಚ್ಚಿದೆಯೆಂದು ಪುಸ್ತಕ ಮುಚ್ಚಬೇಡಿ. ಬಾಗಿಲು ತೆರೆಯುವ ದಿನ ನಿಮ್ಮ ಲೆಕ್ಕ ಸಿದ್ಧವಾಗಿರಲಿ.