ಕಂಪ್ಯೂಟರಿನ ಒಳಗೂ ಒಂದು ಸಹಕಾರ ಸಂಘ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಡೇರಿ ಆವರಣದಲ್ಲಿ ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ಬಾಗಿಲು ಹಾಕದೆ ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. ಹಬ್ಬ ಅನ್ನದೆ, ಮಳೆ ಅನ್ನದೆ ಎರಡು ಹೊತ್ತು ಹಾಲು ತಂದವರಿಗೂ ಅದನ್ನು ಅಳೆದು ಬರೆದುಕೊಂಡವರಿಗೂ ಮೊದಲು ನನ್ನ ವಂದನೆಗಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಈ ಊರಿನ ಮಗ ನಾನು. "ನಿನ್ನ ಕೆಲಸದ ವಿಚಾರ ನಾಲ್ಕು ಮಾತು ಹೇಳಪ್ಪ, ಆದರೆ ನಮಗೆ ತಿಳಿಯೋ ಹಾಗೆ ಹೇಳು" ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಸಾಫ್ಟ್‌ವೇರ್ ಅಂದರೆ ಏನು? ನಮ್ಮ ಡೇರಿಯಲ್ಲಿ ಹಾಲು ತೂಕಕ್ಕಿಟ್ಟ ಕೂಡಲೇ ಲೀಟರ್ ಎಷ್ಟು, ಫ್ಯಾಟ್ ಎಷ್ಟು, ದುಡ್ಡು ಎಷ್ಟು ಅಂತ ಚೀಟಿ ಬರುತ್ತದಲ್ಲ, ಅದನ್ನೇ ನೋಡಿ. ಇಷ್ಟು ಫ್ಯಾಟಿಗೆ ಇಷ್ಟು ದರ ಅಂತ ಯಂತ್ರಕ್ಕೆ ತಾನಾಗಿ ಗೊತ್ತಿಲ್ಲ. ಯಾರೋ ಕೂತು ಸಾಲು ಸಾಲಾಗಿ ಅದಕ್ಕೆ ಹೇಳಿಕೊಟ್ಟಿರುತ್ತಾರೆ. ಹಾಗೆ ಬರೆದಿಟ್ಟ ಸೂಚನೆಗಳೇ ಸಾಫ್ಟ್‌ವೇರ್. ಒಬ್ಬ ಜಾಣ ಹುಡುಗ ಒಂದು ಕೋಣೆಯಲ್ಲಿ ಕೂತು ಇದನ್ನೆಲ್ಲ ಬರೀತಾನೆ ಅಂತ ಬಹಳ ಜನರ ಕಲ್ಪನೆ. ಸಣ್ಣಪುಟ್ಟದ್ದಾದರೆ ಬರೆಯಬಹುದು. ದೊಡ್ಡದನ್ನು ಬರೆಯಲು ಊರೇ ಬೇಕು.

ಅಂಥ ದೊಡ್ಡದೊಂದರ ಹೆಸರು ಲಿನಕ್ಸ್. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬುವರು, ಸಾಫ್ಟ್‌ವೇರನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ಏನಿದೆ ಅಂತ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು ಎನ್ನುವ ತತ್ವದ ಮೇಲೆ ಒಂದು ಕೆಲಸ ಶುರು ಮಾಡಿದರು. ಅದಕ್ಕೆ ಒಂದು ಪರವಾನಗಿ ಪತ್ರವನ್ನೂ ಬರೆದರು. ನಮ್ಮ ಸಂಘದ ಬೈಲಾ ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. ತಿದ್ದಿದ್ದನ್ನು ಹಂಚುವವನು ಅದನ್ನು ಮುಚ್ಚಿಡಬಾರದು, ಅದೇ ಷರತ್ತಿನ ಮೇಲೆ ಮೂಲ ಬರಹವನ್ನೂ ಕೊಡಬೇಕು ಅನ್ನುವುದೇ ಅದರ ಮುಖ್ಯ ಕಲಮು. 1991ರಲ್ಲಿ ಫಿನ್ಲೆಂಡ್ ದೇಶದ ಲೈನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ತನ್ನ ಕಂಪ್ಯೂಟರಿಗೆಂದು ಹವ್ಯಾಸಕ್ಕೆ ಬರೆದದ್ದನ್ನು ಹೊರಗಿಟ್ಟು, ನೋಡಿ ತಪ್ಪು ಹೇಳಿ ಅಂದ. ಮರುವರ್ಷ ಅದನ್ನೂ ಇದೇ ಬೈಲಾದ ಕೆಳಗೆ ತಂದ. ದೇಶ ದೇಶಗಳ ಜನ ಕೈ ಹಾಕಿದರು. ಇವತ್ತು ಅದು ಮೂರು ಕೋಟಿ ಸಾಲಿಗೂ ಮೀರಿದೆ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಳಪಾಯ ಅದೇ. ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರಿಂದ ಎಲ್ಲವೂ ಲಿನಕ್ಸ್ ಮೇಲೆಯೇ ನಡೆಯುತ್ತಿವೆ.

1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ ಕೂಡಿ ಒಂದು ಅಂಗಡಿ ತೆರೆದರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರಿಂದ ಆಗದ್ದು ಕೂಡಿದರೆ ಆಗುತ್ತದೆ ಎಂಬ ಅದೇ ನಂಬಿಕೆಯನ್ನು ಕಂಪ್ಯೂಟರಿನವರು ಬಹಳ ತಡವಾಗಿ ಕಂಡುಕೊಂಡರು ಅಷ್ಟೆ.

ಅಲ್ಲಿ ಕೆಲಸ ನಡೆಯುವ ರೀತಿ ಹಾಲಿನ ದಾರಿಯ ಹಾಗೇ ಇದೆ. ನಾವು ಹಾಕಿದ ಹಾಲು ಇಲ್ಲಿ ಪರೀಕ್ಷೆಯಾಗುತ್ತದೆ, ಶೀತಲೀಕರಣ ಕೇಂದ್ರದಲ್ಲಿ ಮತ್ತೆ, ಒಕ್ಕೂಟದ ಡೇರಿಯಲ್ಲಿ ಮತ್ತೆ. ಕೆಟ್ಟ ಹಾಲು ಒಂದು ಕ್ಯಾನ್ ಬೆರೆತರೆ ಟ್ಯಾಂಕರೇ ಹಾಳು. ಲಿನಕ್ಸಿಗೆ ಯಾರಾದರೂ ಒಂದು ತಿದ್ದುಪಡಿ ಬರೆದರೆ ಆ ಭಾಗ ನೋಡಿಕೊಳ್ಳುವವರು ಮೊದಲು ಓದುತ್ತಾರೆ. ಸರಿಯಿಲ್ಲದಿದ್ದರೆ ಮುಲಾಜಿಲ್ಲದೆ ವಾಪಸ್. ಸರಿಯಿದ್ದರೆ ಮೇಲಿನವರಿಗೆ. ಅದು ಯಾರ ಯಾರ ಕೈ ದಾಟಿತೋ ಅಷ್ಟೂ ಜನ ಹೆಸರು ಹಾಕಬೇಕು. ಯಾರು, ಯಾವಾಗ, ಏನು ತಿದ್ದಿದರು, ಯಾಕೆ ತಿದ್ದಿದರು ಎಂಬುದನ್ನೆಲ್ಲ ಬರೆದಿಡಲು 2005ರಲ್ಲಿ ಗಿಟ್ ಎಂಬ ವ್ಯವಸ್ಥೆಯನ್ನೇ ಮಾಡಿಕೊಂಡರು. ಅದು ಅವರ ನಡವಳಿ ಪುಸ್ತಕ. ಸಾಮಾನ್ಯವಾಗಿ ನಮ್ಮ ಹಾಗೆ ಒಬ್ಬರಿಗೊಂದು ಓಟು ಅಲ್ಲಿಲ್ಲ, ನೋಡಿಕೊಳ್ಳುವವರ ಮಾತೇ ಕೊನೆ. ಆದರೆ ಒಪ್ಪದವರು ಪೂರ್ತಿ ನಕಲು ತೆಗೆದುಕೊಂಡು ಬೇರೆ ನಡೆಸಿಕೊಳ್ಳಬಹುದು. ಅದಕ್ಕೇ ಮೇಲಿರುವವರು ದರ್ಬಾರು ಮಾಡೋಕೆ ಆಗೋದಿಲ್ಲ.

ಬರೀ ಹೊಗಳಿಕೆ ಹೇಳಿ ಹೋದರೆ ಪ್ರಯೋಜನವಿಲ್ಲ. ಕೂಡಿ ಮಾಡುವ ಕೆಲಸ ಎಲ್ಲಿ ಮುಗ್ಗರಿಸುತ್ತದೆ ಅನ್ನುವುದನ್ನೂ ಹೇಳಬೇಕು. ಎರಡು ಸಂಗತಿ ಹೇಳುತ್ತೇನೆ.

ನಾವು ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವಾಗ ನಮ್ಮ ಗುಟ್ಟಿನ ಸಂಖ್ಯೆ ದಾರಿಯಲ್ಲಿ ಯಾರಿಗೂ ಸಿಗದ ಹಾಗೆ ಬೀಗ ಹಾಕಿ ಕಳಿಸುವ ಸಾಫ್ಟ್‌ವೇರುಗಳಿವೆ. ಅದರಲ್ಲೊಂದು ಓಪನ್ ಎಸ್‌ಎಸ್‌ಎಲ್. ಲೋಕದ ದೊಡ್ಡ ದೊಡ್ಡ ಕಂಪನಿಗಳು ಬಿಟ್ಟಿಯಾಗಿ ಬಳಸುತ್ತಿದ್ದವು. 2014ರ ಏಪ್ರಿಲ್‌ನಲ್ಲಿ ಅದರೊಳಗೆ ಎರಡು ವರ್ಷದಿಂದ ಇದ್ದ ಒಂದು ಲೋಪ ಬೆಳಕಿಗೆ ಬಂತು. ಒಂದು ಲೀಟರ್ ತಂದವನು ಹತ್ತು ಲೀಟರ್ ಅಂತ ಬಾಯಲ್ಲಿ ಹೇಳಿದರೆ, ಅಳೆಯದೆ ಹತ್ತು ಲೀಟರಿನ ದುಡ್ಡು ಕೊಟ್ಟ ಹಾಗಿನ ಲೋಪ. ಕೇಳಿದವನಿಗೆ ಯಂತ್ರ ತನ್ನ ನೆನಪಿನಲ್ಲಿದ್ದ ಬೇರೆಯವರ ಗುಟ್ಟನ್ನೂ ಕೊಟ್ಟುಬಿಡುತ್ತಿತ್ತು. ವಿಚಾರ ಮಾಡಿ ನೋಡಿದರೆ, ಇಷ್ಟು ದೊಡ್ಡ ಬೀಗವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಪೂರ್ಣಾವಧಿಗೆ ಇದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು ಎರಡು ಸಾವಿರ ಡಾಲರ್. ಒಳಗಿರುವುದನ್ನು ಯಾರು ಬೇಕಾದರೂ ನೋಡಬಹುದಿತ್ತು. ಎಲ್ಲರೂ ಇನ್ನೊಬ್ಬರು ನೋಡಿರ್ತಾರೆ ಅಂದುಕೊಂಡರು. ಆಮೇಲೆ ಕಂಪನಿಗಳು ಎಚ್ಚೆತ್ತು ಹಣ ಕೂಡಿಸಿದವು.

ಎರಡನೆಯದು 2024ರ ಮಾರ್ಚ್ ತಿಂಗಳದ್ದು. ಮಾಹಿತಿಯನ್ನು ಒತ್ತಿ ಸಣ್ಣದಾಗಿ ಕಟ್ಟು ಕಟ್ಟುವ ಎಕ್ಸ್‌ಝಡ್ ಎಂಬ ಒಂದು ಸಾಫ್ಟ್‌ವೇರ್. ಅದನ್ನು ಸಂಬಳವಿಲ್ಲದೆ ವರ್ಷಾನುಗಟ್ಟಲೆ ಬಹುಮಟ್ಟಿಗೆ ಒಬ್ಬರೇ ನೋಡಿಕೊಂಡು ಬಂದಿದ್ದರು, ದಣಿದಿದ್ದರು. ಕೆಲಸ ನಿಧಾನವಾಯಿತು ಅಂತ ಅವರನ್ನು ಕುಟುಕುವವರು ಬಂದರು. ಅದೇ ಹೊತ್ತಿಗೆ ಒಬ್ಬ ಅಪರಿಚಿತ ಒಳ್ಳೆಯ ಮಾತಾಡಿ, ಒಳ್ಳೆಯ ಕೆಲಸವನ್ನೂ ಮಾಡಿಕೊಟ್ಟು, ಎರಡು ವರ್ಷಕ್ಕೂ ಮೀರಿ ನಂಬಿಕೆ ಗಳಿಸಿ, ಕೊನೆಗೆ ಬೀಗದ ಕೈಯನ್ನೇ ಪಡೆದ. ಆಮೇಲೆ ಹಿತ್ತಲ ಬಾಗಿಲೊಂದನ್ನು ಗುಟ್ಟಾಗಿ ಇಟ್ಟ. ಅವನು ಯಾರೆಂದು ಬಯಲಾಗಿಲ್ಲ.

ಅದು ಲೋಕಕ್ಕೆಲ್ಲ ಹರಡುವ ಮೊದಲೇ ಸಿಕ್ಕಿಬಿತ್ತು. ಹೇಗೆ ಗೊತ್ತೆ? ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ತಮ್ಮ ಕಂಪ್ಯೂಟರ್ ಒಳಗೆ ಬಿಟ್ಟುಕೊಳ್ಳಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡ್ ತಡ ಮಾಡುತ್ತಿದೆ ಅನ್ನಿಸಿತು. ಅರ್ಧ ಸೆಕೆಂಡ್! ಹೋಗಲಿ ಬಿಡು ಅನ್ನಲಿಲ್ಲ ಆ ಮನುಷ್ಯ. ಯಾಕೆ ತಡ ಅಂತ ಬೆನ್ನು ಹತ್ತಿ ಹೋದರು. ಎಲ್ಲವೂ ಬಯಲಲ್ಲಿ ಇದ್ದದ್ದರಿಂದ ಕೊನೆ ಮುಟ್ಟಿ ನೋಡಲು ಸಾಧ್ಯವಾಯಿತು, ಊರಿಗೆಲ್ಲ ಸಾರಿದರು. ಒಬ್ಬ ಸದಸ್ಯನ ಎಚ್ಚರ ಲಕ್ಷಾಂತರ ಯಂತ್ರಗಳನ್ನು ಕಾಯಿತು.

ಬಂಧುಗಳೇ, ಇದನ್ನು ಇಲ್ಲಿ ಯಾಕೆ ಹೇಳಿದೆ ಅಂತ ನಿಮಗೆ ಆಗಲೇ ಹೊಳೆದಿರಬೇಕು. ಸಂಘ ಕಟ್ಟುವುದು ಒಂದು ದಿನದ ಕೆಲಸ, ಕಾಯುವುದು ದಿನಾ ಮಾಡುವ ಕೆಲಸ. ಅದಕ್ಕಾಗಿ ನನ್ನ ಮೂರು ವಿನಂತಿಗಳಿವೆ.

ಒಂದು, ಸರ್ವ ಸದಸ್ಯರ ಸಭೆಗೆ ಬನ್ನಿ. ಬೋನಸ್ ದಿನ ಸೇರುವ ಜನ ಲೆಕ್ಕಪತ್ರ ಓದುವ ದಿನವೂ ಸೇರಬೇಕು. ನಿನ್ನೆಯ ಚೀಟಿಗೂ ಇವತ್ತಿನದಕ್ಕೂ ವ್ಯತ್ಯಾಸ ಕಂಡರೆ ಕೇಳಿ. ಕೇಳಿದರೆ ಸೆಕ್ರೆಟರಿಯವರು ಬೇಜಾರು ಮಾಡ್ಕೋತಾರೆ ಅಂತ ಸುಮ್ಮನಿರುವುದು ಬೇಡ. ಹತ್ತು ಜನರ ಎದುರು ನೋಡಿ ಸರಿಯೆನಿಸಿಕೊಂಡ ಲೆಕ್ಕ ಸೆಕ್ರೆಟರಿಯವರ ಮರ್ಯಾದೆಯನ್ನೂ ಕಾಯುತ್ತದೆ.

ಎರಡು, ಎಲ್ಲ ಭಾರ ಒಬ್ಬರ ತಲೆ ಮೇಲೆ ಹಾಕಬೇಡಿ. ಕಾರ್ಯದರ್ಶಿಗಳಿಗೆ ಜ್ವರ ಬಂದ ದಿನ ಡೇರಿ ನಿಲ್ಲುತ್ತದೆ ಅಂದರೆ ಅದು ಅವರ ದೊಡ್ಡಸ್ತಿಕೆಯಲ್ಲ, ನಮ್ಮ ಕೊರತೆ. ಕಂಪ್ಯೂಟರ್ ನಡೆಸುವುದು, ಲೆಕ್ಕದ ನಕಲು ಬೇರೆ ಕಡೆ ತೆಗೆದಿಡುವುದು ಇನ್ನಿಬ್ಬರಿಗಾದರೂ ಬರಲಿ. ಊರಿನ ಹುಡುಗ ಹುಡುಗಿಯರಿಗೆ ತಿಂಗಳಿಗೊಂದು ಭಾನುವಾರ ಬಂದು ಹೇಳಿಕೊಡಲು ನಾನು ಸಿದ್ಧ.

ಮೂರು, ದುಡಿದವರ ಹೆಸರು ಪುಸ್ತಕದಲ್ಲಿರಲಿ. ಲಿನಕ್ಸಿನಲ್ಲಿ ಒಂದು ಸಾಲು ತಿದ್ದಿದವರ ಹೆಸರೂ ನಡವಳಿಯಲ್ಲಿ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಹುಲ್ಲು ತರುವವರು, ಹಾಲು ಕರೆಯುವವರು ತಾಯಂದಿರು. ಷೇರು ಮಾತ್ರ ಗಂಡಸರ ಹೆಸರಲ್ಲಿ! ಹೊಟ್ಟೆಗೆ ಹಾಕಿಕೊಂಡು ಕೇಳಿ: ಈ ಬೆಳ್ಳಿಹಬ್ಬದ ವರ್ಷದಲ್ಲಿ ಆ ತಾಯಂದಿರನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳೋಣ. ಅವರು ಸಭೆಯಲ್ಲಿ ಕೂತರೆ ಅರ್ಧ ಸೆಕೆಂಡಿನ ವ್ಯತ್ಯಾಸವೂ ಅವರ ಕಣ್ಣು ತಪ್ಪುವುದಿಲ್ಲ.

ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರೆ ನಮ್ಮ ಹಿರಿಯರು. ಹಳ್ಳ ತುಂಬಿದ ಮೇಲೆ ಏರಿ ಕಾಯುವವರೂ ಬೇಕು. ಆ ಕಾವಲು ನಮ್ಮೆಲ್ಲರದಾಗಲಿ, ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.