ಹಳೆಯ ನಾಟಕ, ಎಣಿಸಿದ ವಾರಗಳು

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರು ಅಲ್ಲಿ ನಾಟಕ ಕಂಪನಿಗಳು ಬೀಡುಬಿಟ್ಟಿರುವುದನ್ನು ನೋಡಿಯೇ ಇರುತ್ತೀರಿ. ಜಾತ್ರೆ ಇರುವಷ್ಟು ದಿನ ಅವುಗಳ ಸುಗ್ಗಿ. ಥಿಯೇಟರು ಎಬ್ಬಿಸಿದ ಖರ್ಚು, ನಟರ ಸಂಬಳ, ಊಟ, ದೀಪ ಎಲ್ಲವೂ ಆ ದಿನಗಳ ಗಲ್ಲಾದಿಂದಲೇ ಹುಟ್ಟಬೇಕು. ಸಾವಿರಾರು ಮೈಲಿ ದೂರದ ನ್ಯೂಯಾರ್ಕ್ ನಗರದಲ್ಲಿಯೂ, ಅಷ್ಟೊಂದು ವೈಭವದ ಬ್ರಾಡ್‌ವೇ ರಂಗಭೂಮಿಯಲ್ಲಿಯೂ, ಇಂಥದೇ ಒಂದು ಲೆಕ್ಕ ನಡೆಯುತ್ತದೆ ಎಂದರೆ ನಿಮಗೆ ಕುತೂಹಲವಾಗಬಹುದು. ಆ ಲೆಕ್ಕವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಬ್ರಾಡ್‌ವೇ ಎಂಬುದು ಒಂದು ರಸ್ತೆಯ ಹೆಸರು. ಆದರೆ ರಂಗಭೂಮಿಯ ಮಾತಿನಲ್ಲಿ ಅದು ಮ್ಯಾನ್‌ಹಟನ್ನಿನ 41 ನಾಟಕಗೃಹಗಳ ಒಟ್ಟು ಹೆಸರು. ಒಂದೊಂದರಲ್ಲಿಯೂ 500ಕ್ಕೆ ಕಡಿಮೆಯಿಲ್ಲದಷ್ಟು ಆಸನಗಳು. ಅಲ್ಲಿಯ ಹೆಗ್ಗಳಿಕೆ ಸಂಗೀತ ನಾಟಕ. ಮಾತು, ಹಾಡು, ಕುಣಿತ ಮೂರೂ ಸೇರಿ ಅಲ್ಲಿ ಕಥೆಯನ್ನು ನಡೆಸುತ್ತವೆ. ಜನ ಬರುವವರೆಗೂ ಆಟ ನಡೆಸುವುದು ಸಾಮಾನ್ಯ ರೂಢಿ. ‘ಫ್ಯಾಂಟಮ್ ಆಫ್ ದಿ ಆಪೆರಾ’ 1988ರಲ್ಲಿ ಆರಂಭವಾಗಿ 2023ರ ಏಪ್ರಿಲ್‌ನಲ್ಲಿ ನಿಂತಿತು. ಅಷ್ಟರಲ್ಲಿ 13,981 ಪ್ರದರ್ಶನಗಳಾಗಿದ್ದವು!

ಇನ್ನೊಂದು ರೂಢಿಯೂ ಉಂಟು. ಹಿಂದೆ ಆಡಿದ ನಾಟಕವೊಂದನ್ನು ಹೊಸದಾಗಿ ಎತ್ತಿ, ಇಷ್ಟೇ ವಾರ ಎಂದು ಮೊದಲೇ ಸಾರಿ ಆಡುವುದು. ಇದರಲ್ಲಿ ಲಾಭವುಂಟೆ ಎಂಬುದೇ ನಮ್ಮ ಪ್ರಶ್ನೆ.

ನಾಟಕ ಕಟ್ಟುವವನಿಗೆ ಎರಡು ಬಗೆಯ ಖರ್ಚು. ತೆರೆ ಏಳುವ ಮೊದಲು ರಂಗಸಜ್ಜಿಕೆ, ಉಡುಪು, ತಾಲೀಮು, ಜಾಹೀರಾತುಗಳಿಗೆ ಹಾಕುವ ಮೂಲ ಬಂಡವಾಳ ಒಂದು. ತೆರೆ ಎದ್ದ ಮೇಲೆ ಪ್ರತಿ ವಾರ ತೆರಬೇಕಾದ ಬಾಡಿಗೆ, ನಟರ ಮತ್ತು ವಾದ್ಯಗಾರರ ಸಂಬಳ, ಕವಿ-ಸಂಗೀತಗಾರರ ಗೌರವಧನ ಇನ್ನೊಂದು. ವಾರಕ್ಕೆ ಎಂಟು ಪ್ರದರ್ಶನ ಅಲ್ಲಿಯ ವಾಡಿಕೆ. ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳಿ. ಮೂಲ ಬಂಡವಾಳ 1 ಕೋಟಿ 20 ಲಕ್ಷ ಡಾಲರು. ವಾರದ ಖರ್ಚು ಕಳೆದು ಉಳಿಯುವುದು 5 ಲಕ್ಷ. ಹಾಕಿದ ಹಣ ಹಿಂತಿರುಗಲು 24 ವಾರ ಬೇಕು. ಆಟ 16 ವಾರಕ್ಕೇ ಮುಗಿಯುವುದಾದರೆ, ನಾಟಕಗೃಹ ದಿನವೂ ತುಂಬಿದ್ದರೂ 40 ಲಕ್ಷ ನಷ್ಟ! ಚಪ್ಪಾಳೆ ಬೇರೆ, ಲಾಭ ಬೇರೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಪಾಠ ಬೇಕಿಲ್ಲ.

ಹಾಗಿದ್ದರೂ ಅವಧಿಯನ್ನು ಏಕೆ ಕಟ್ಟಿಕೊಳ್ಳುತ್ತಾರೆ? ಪ್ರಸಿದ್ಧ ನಟರು ವರ್ಷಗಟ್ಟಲೆ ಒಂದೇ ಪಾತ್ರಕ್ಕೆ ಸಿಕ್ಕುವುದಿಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕು. ಮೇಲಾಗಿ, ‘ಇನ್ನು ಕೆಲವೇ ವಾರ’ ಎಂಬ ಮಾತಿಗೆ ಒಂದು ಶಕ್ತಿಯಿದೆ. ಮುಂದಿನ ವರ್ಷ ನೋಡೋಣ ಎನ್ನುವವನೂ ಇಂದೇ ಟಿಕೆಟ್ಟು ಕೊಳ್ಳುತ್ತಾನೆ.

ಇಲ್ಲಿ ಗೆದ್ದವರು ಹಾಸಿಗೆ ಇದ್ದಷ್ಟೇ ಕಾಲು ಚಾಚಿದವರು. ನ್ಯೂಯಾರ್ಕಿನ ಸಿಟಿ ಸೆಂಟರಿನಲ್ಲಿ 1994ರಿಂದ ಹಳೆಯ ಸಂಗೀತ ನಾಟಕಗಳನ್ನು ಹೆಚ್ಚಿನ ಸಜ್ಜಿಕೆಯಿಲ್ಲದೆ, ವಾದ್ಯವೃಂದವನ್ನು ರಂಗದ ಮೇಲೆಯೇ ಕೂರಿಸಿ, ಕೆಲವೇ ದಿನ ಆಡುವ ಏರ್ಪಾಡಿದೆ. 1975ರ ‘ಶಿಕಾಗೋ’ ನಾಟಕವನ್ನು 1996ರ ಮೇ ತಿಂಗಳಲ್ಲಿ ಹಾಗೆ ಆಡಿದರು. ಅದೇ ಸರಳ ರೂಪದಲ್ಲಿ ಆ ವರ್ಷದ ನವೆಂಬರಿನಲ್ಲಿ ಬ್ರಾಡ್‌ವೇಗೆ ಹೋಗಿ ಅದು ದಶಕಗಳ ಕಾಲ ನಿಂತಿತು. 2022ರಲ್ಲಿ ‘ಇಂಟು ದಿ ವುಡ್ಸ್’ ಅದೇ ದಾರಿಯಲ್ಲಿ ಬಂದಿತು. ಎಂಟು ವಾರ ಎಂದು ಸಾರಿದ್ದ ಆಟ ಮುಂದಿನ ಜನವರಿಯವರೆಗೆ ಬೆಳೆಯಿತು.

ನಟರ ಹೆಸರಿನ ಬಲವೂ ಸಣ್ಣದಲ್ಲ. ‘ಹಲೋ ಡಾಲಿ’ಯನ್ನು 2017ರಲ್ಲಿ ಬೆಟ್ ಮಿಡ್ಲರ್ ಅವರನ್ನು ಮುಂದಿಟ್ಟುಕೊಂಡು ಆಡಿದರು. 2018ರ ಜನವರಿಯಲ್ಲಿ ಅವರು ಪಾತ್ರ ಬಿಟ್ಟರು. ಕೊನೆಯ ವಾರಗಳಿಗೆ ಮತ್ತೆ ಅವರನ್ನೇ ಕರೆತಂದು, ಆಗಸ್ಟಿನಲ್ಲಿ ಮಂಗಳ ಹಾಡಿದರು. ಅಂಥ ಹೆಸರಿನ ಬಲವಿಲ್ಲದ ‘ಸೈಡ್ ಷೋ’ 2014ರಲ್ಲಿ ವಿಮರ್ಶಕರ ಮೆಚ್ಚುಗೆ ಪಡೆದೂ ಎರಡು ತಿಂಗಳು ತುಂಬುವ ಮೊದಲೇ ಮುಚ್ಚಿತು.

ಈ ವಿಷಯದಲ್ಲಿ ನನ್ನ ಮನಸ್ಸನ್ನು ಹಿಡಿದ ಕಥೆ ಮತ್ತೊಂದು. 1981ರಲ್ಲಿ ಸ್ಟೀಫನ್ ಸಾಂಡ್‌ಹೈಮ್ ಅವರ ‘ಮೆರಿಲಿ ವಿ ರೋಲ್ ಅಲಾಂಗ್’ ಉದ್ಘಾಟನೆಯ ನಂತರ 16 ಪ್ರದರ್ಶನಗಳಿಗೇ ನಿಂತುಹೋಯಿತು. ಮೂವರು ಗೆಳೆಯರ ಕಥೆಯನ್ನು ಕೊನೆಯಿಂದ ಮೊದಲಿಗೆ ಹೇಳುವ ನಾಟಕ ಅದು. 2022ರ ಕೊನೆಯಲ್ಲಿ ಇನ್ನೂರು ಆಸನವೂ ಇಲ್ಲದ ಒಂದು ಚಿಕ್ಕ ರಂಗಮಂದಿರದಲ್ಲಿ ಅದನ್ನು ಮತ್ತೆ ಆಡಿದರು. ಮರುವರ್ಷ ಅಕ್ಟೋಬರಿನಲ್ಲಿ, ಹ್ಯಾರಿ ಪಾಟರ್ ಚಿತ್ರಗಳ ಡೇನಿಯಲ್ ರ್‍ಯಾಡ್‌ಕ್ಲಿಫ್ ಮೊದಲಾದವರೊಡನೆ, ಅದು ಬ್ರಾಡ್‌ವೇಯ ಹಡ್ಸನ್ ಥಿಯೇಟರಿಗೆ ಬಂದಿತು. ಅವಧಿಯನ್ನು ಬೆಳೆಸುತ್ತ ಹೋಗಿ 2024ರ ಜುಲೈ 7ರವರೆಗೆ ಆಡಿದರು. ಬಂಡವಾಳ ಹಿಂತಿರುಗಿತು, ಪುನಃಪ್ರಯೋಗಕ್ಕೆ ಮೀಸಲಾದ ಟೋನಿ ಪ್ರಶಸ್ತಿಯೂ ಬಂದಿತು. ಆದರೆ ಆ ಗೆಲುವನ್ನು ಕಾಣಲು ಸಾಂಡ್‌ಹೈಮ್ ಉಳಿದಿರಲಿಲ್ಲ. ಅವರು 2021ರ ನವೆಂಬರಿನಲ್ಲಿ ತೀರಿಕೊಂಡಿದ್ದರು. ಒಮ್ಮೆ ನಪಾಸಾದ ಹುಡುಗನನ್ನು ದಡ್ಡನೆಂದು ಬರೆದಿಡುವ ನಮ್ಮಂಥ ಉಪಾಧ್ಯಾಯರು ಈ ಕಥೆಯನ್ನು ನೆನಪಿಡಬೇಕು.

ಆದರೆ ಒಂದು ಮಾತನ್ನು ಮರೆಮಾಚಬಾರದು. ವಾರಗಳು ಕಡಿಮೆ, ಆಸನಗಳೂ ಎಣಿಸಿದಷ್ಟು. ಹಣ ಹುಟ್ಟಬೇಕಾದರೆ ಟಿಕೆಟ್ಟಿನ ದರ ಏರಲೇಬೇಕು. ಆಗ ಸಂಬಳದ ಮೇಲೆ ಬದುಕುವ ಸಂಸಾರಗಳು ಹೊರಗೇ ಉಳಿಯುತ್ತವೆ. ಇದಕ್ಕೆ ಅಲ್ಲಿಯೇ ಒಂದು ಸಣ್ಣ ಪರಿಹಾರವೂ ಹುಟ್ಟಿದೆ. 1996ರಲ್ಲಿ ‘ರೆಂಟ್’ ನಾಟಕದವರು ಮುಂದಿನ ಎರಡು ಸಾಲುಗಳನ್ನು ಆಯಾ ದಿನವೇ 20 ಡಾಲರಿಗೆ ಮಾರಿದರು. ನೂಕುನುಗ್ಗಲು ಹೆಚ್ಚಾದಾಗ ಚೀಟಿ ಎತ್ತಿ ಹಂಚಿದರು. ಆ ಪದ್ಧತಿಯನ್ನು ಮುಂದೆ ಅನೇಕರು ಅನುಸರಿಸಿದರು.

ಒಟ್ಟಿನಲ್ಲಿ, ಎಣಿಸಿದ ವಾರಗಳ ಪುನಃಪ್ರಯೋಗಕ್ಕೆ ಲಾಭ ಸುಲಭವಲ್ಲ. ಖರ್ಚಿನಲ್ಲಿ ಹಿಡಿತ, ಜನ ಬಲ್ಲ ಹೆಸರು, ಮುಗಿಯುವ ದಿನದ ಕರೆ, ಈ ಮೂರೂ ಕೂಡಿದರೆ ಅಸಾಧ್ಯವೂ ಅಲ್ಲ. ಆದರೆ ಹಣ ಹಾಕಿದವನ ಲೆಕ್ಕ ಮುಗಿದಲ್ಲಿಗೆ ನಾಟಕದ ಲೆಕ್ಕ ಮುಗಿಯುವುದಿಲ್ಲ. ಮುಂದಿನ ಎರಡು ಸಾಲುಗಳಲ್ಲಿ ಯಾರು ಕುಳಿತಿದ್ದರು ಎಂಬುದನ್ನೂ ಅದರಲ್ಲಿ ಬರೆಯಬೇಕಾಗುತ್ತದೆ.