ಮನೆಬಟ್ಟೆಯ ಮೇಲೆ ಉಣ್ಣೆಯ ಬಳ್ಳಿ

ರೇಡಿಯೋ ಪೆಟ್ಟಿಗೆಗೂ ಒಂದು ಉಡುಪು ಇದ್ದ ಕಾಲವೊಂದಿತ್ತು. ಬಿಳಿಯ ಬಟ್ಟೆ, ಅದರ ಮೂಲೆಗಳಲ್ಲಿ ಗುಲಾಬಿಯ ಗೊಂಚಲು, ಅಂಚಿಗೆ ಕ್ರೋಷದ ಲೇಸು. ಅದೇ ಮನೆಯಲ್ಲಿ ದಿಂಬಿನ ಮೇಲೆ ‘ಗುಡ್ ನೈಟ್’ ಎಂಬ ಅಕ್ಷರಗಳು, ಬಾಗಿಲ ಪರದೆಯ ಮೇಲೆ ‘ವೆಲ್ಕಂ’, ಗಾಜು ಹಾಕಿಸಿದ ಚೌಕಟ್ಟಿನೊಳಗೆ ಎದುರುಬದುರು ನಿಂತ ಎರಡು ಹಂಸಗಳು. ವರನ ಕಡೆಯವರು ಹೆಣ್ಣು ನೋಡಲು ಬಂದಾಗ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆಗಳೊಡನೆ ಇವೂ ಹೊರಗೆ ಬರುತ್ತಿದ್ದವು. ‘ಇದೆಲ್ಲ ನಮ್ಮ ಹುಡುಗಿಯೇ ಹಾಕಿದ್ದು’ ಎಂಬ ಮಾತು, ‘ಸಂಗೀತವೂ ಸ್ವಲ್ಪ ಆಗಿದೆ’ ಎಂಬ ಮಾತಿನ ಬೆನ್ನಿಗೇ ಬರುತ್ತಿತ್ತು. ಮದುವೆಯಾದ ಮೇಲೆ ಆ ಬಟ್ಟೆಗಳಲ್ಲಿ ಒಳ್ಳೆಯವೆಲ್ಲ ನುಸಿಗುಳಿಗೆಯೊಡನೆ ಟ್ರಂಕು ಸೇರಿದವು. ಬಳಸಿದರೆ ಹಾಳಾದಾವು ಎಂಬ ಭಯ. ಹೀಗೆ ವರ್ಷಗಟ್ಟಲೆ ಕಣ್ಣು ಸವೆಸಿ ಕಲಿತ ವಿದ್ಯೆಯೊಂದು ಒಂದು ಸಾಯಂಕಾಲದ ಪರೀಕ್ಷೆಗೆ ಒದಗಿ, ಆಮೇಲೆ ಕತ್ತಲೆಯ ಪಾಲಾಯಿತು. ಇದು ನನಗೆ ಎಂದೂ ಸರಿಯೆನಿಸಿಲ್ಲ.

ಆದುದರಿಂದ ಈ ಹೊತ್ತು ನಾನು ಹೇಳಹೊರಟಿರುವುದು ಹಾಸಿಗೆ, ದಿಂಬು, ಪರದೆಗಳ ಮೇಲೆಯೇ ಬೆಳೆದುಬಂದ ಒಂದು ಸೂಜಿಕೆಲಸವನ್ನು ಕುರಿತು. ಅದರ ಹೆಸರು ಕ್ರೂಯಲ್. ಇಂಗ್ಲಿಷ್ ಬಲ್ಲವರ ಕಿವಿಗೆ ಈ ಹೆಸರು ಕೊಂಚ ನಿರ್ದಯವಾಗಿ ಕೇಳಿಸಬಹುದು, ಹೆದರಬೇಕಾದುದಿಲ್ಲ. ಸಡಿಲವಾಗಿ ಹುರಿಮಾಡಿದ ಎರಡೆಳೆಯ ಉಣ್ಣೆದಾರಕ್ಕೆ ಆ ಹೆಸರು. ಆ ದಾರದಿಂದ ಹಾಕಿದ ಕೆಲಸಕ್ಕೂ ಅದೇ ನಿಂತಿತು. ನಮ್ಮ ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ, ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಯ ಬೃಂದಾವನಗಳನ್ನು ಕಟ್ಟುತ್ತಾರೆ. ಅಲ್ಲಿ ಲೆಕ್ಕ ತಪ್ಪಿದರೆ ಗೋಪುರವೇ ವಾಲುತ್ತದೆ. ಕ್ರೂಯಲಿನಲ್ಲಿ ಎಣಿಕೆಯಿಲ್ಲ, ಬಟ್ಟೆಯ ಮೇಲೆ ಗೆರೆ ಬರೆದುಕೊಂಡರೆ ಅದರ ಹಿಂದೆ ಉಣ್ಣೆ ನಡೆಯುತ್ತದೆ. ಎಲೆ ಕೊಂಚ ಓರೆಯಾಯಿತೆನ್ನಿ, ಗಿಡದಲ್ಲಿಯೂ ಎಲೆ ಓರೆಯಾಗಿಯೇ ಇರುತ್ತದೆಯಲ್ಲವೆ? ಹೊಸಬರ ಕೈಗೆ ಇದಕ್ಕಿಂತ ಸಹನೆಯುಳ್ಳ ಕೆಲಸ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ.

ಉಣ್ಣೆಯಿಂದ ನಾರುಬಟ್ಟೆಯ ಮೇಲೆ ಚಿತ್ರ ತೆಗೆಯುವುದು ಯೂರೋಪಿನಲ್ಲಿ ಬಹಳ ಹಳೆಯ ಸಂಗತಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಕಥೆಯನ್ನು ಹೇಳುವ, ಸುಮಾರು 70 ಮೀಟರ್ ಉದ್ದದ ಬೇಯೂ ಪಟವು ಹನ್ನೊಂದನೆಯ ಶತಮಾನದಲ್ಲಿ ಹೀಗೆಯೇ ಆದದ್ದು. ಆದರೆ ನಮಗೆ ಹೆಚ್ಚು ಹತ್ತಿರದ್ದು ಹದಿನೇಳನೆಯ ಶತಮಾನದ ಕಥೆ. ಆ ಚಳಿನಾಡಿನಲ್ಲಿ ಮಂಚದ ಸುತ್ತಲೂ ದಪ್ಪನೆಯ ಪರದೆಗಳನ್ನು ಇಳಿಬಿಡುತ್ತಿದ್ದರು. ಅವುಗಳ ಮೇಲೆ ಉಣ್ಣೆಯಲ್ಲಿ ಹಾಕಿದ ಒಂದು ಮರ. ಕೆಳಗೆ ಪುಟ್ಟ ಪುಟ್ಟ ದಿಬ್ಬಗಳು, ಮೇಲೆ ಬಳುಕುವ ಕೊಂಬೆಗಳು, ಕೊಂಬೆಗಿಂತ ಭಾರವಾದ ಎಲೆಗಳು, ಯಾವ ತೋಟದಲ್ಲಿಯೂ ಬಿಡದ ಹೂವುಗಳು. ಈ ಮರಕ್ಕೂ ನಮಗೂ ನಂಟುಂಟು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪೆನಿ 1611ರಲ್ಲಿ ಮಚಲೀಪಟ್ಟಣದಲ್ಲಿ ಕೋಠಿ ತೆರೆಯಿತು. ಕೋರಮಂಡಲ ತೀರದ ಕುಶಲಿಗಳು ಕಲಮಿನಿಂದ ಬರೆದು ಬಣ್ಣ ಕಟ್ಟಿದ ಪಲಂಗಪೋಷುಗಳು ಆ ತೀರದಿಂದ ಹಡಗೇರಿದವು. ನಮ್ಮ ಅಜ್ಜಿಯರು ‘ಚೀಟಿ ಬಟ್ಟೆ’ ಎನ್ನುತ್ತಿದ್ದುದನ್ನೇ ಆ ಜನ ‘ಚಿಂಟ್ಸ್’ ಎಂದರು. ಲಂಡನ್ನಿನ ವರ್ತಕರು ತಮ್ಮ ಗಿರಾಕಿಗಳಿಗೆ ಒಪ್ಪುವ ಮಾದರಿಗಳನ್ನು ಇಲ್ಲಿಗೆ ಕಳುಹಿಸಿದರು. ಇಲ್ಲಿನವರು ಅವನ್ನು ತಮ್ಮ ಕೈಗೆ ಬಂದಂತೆ ತಿದ್ದಿ ಬರೆದರು. ತಿದ್ದಿದ ಮರ ಅಲ್ಲಿನ ಉಣ್ಣೆಯ ಕೆಲಸಕ್ಕೂ ಇಳಿಯಿತು. ಕೊನೆಗೆ ಅಲ್ಲಿನ ನೇಕಾರರ ಕೂಗಿಗೆ ಮಣಿದು, ಬಣ್ಣದ ಚಿತ್ರ ಮೂಡಿಸಿದ ಹತ್ತಿಬಟ್ಟೆಯನ್ನು ಉಡಲೂ ಕೂಡದು, ಮನೆಯಲ್ಲಿ ಬಳಸಲೂ ಕೂಡದು ಎಂದು 1721ರಲ್ಲಿ ಶಾಸನವೇ ಆಯಿತು. ಉಣ್ಣೆಯ ಮರಕ್ಕೆ ಯಾವ ಶಾಸನದ ಅಡ್ಡಿಯೂ ಇರಲಿಲ್ಲ. ಕಾಶ್ಮೀರದಲ್ಲಿ ಇದೇ ಹೆಸರಿನ ಕೆಲಸವನ್ನು ಆರಿ ಎಂಬ ಕೊಕ್ಕೆಯಿಂದ ಹಾಕುತ್ತಾರೆ. ಅದು ವೃತ್ತಿಯವರ ವೇಗ. ಮನೆಯಲ್ಲಿ ಆರಂಭಿಸುವವರಿಗೆ ಸೂಜಿಯೇ ಸಾಕು.

ಶಿಡ್ಲಘಟ್ಟ, ಚಿಂತಾಮಣಿಗಳ ಕಡೆಯ ಕೇಳುಗರು ಇಲ್ಲಿ ತಡೆದು ಕೇಳಬಹುದು: ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ಬಾಗಿಲಲ್ಲಿಟ್ಟುಕೊಂಡವರಿಗೆ ಉಣ್ಣೆಯ ಹಂಗೇಕೆ? ನ್ಯಾಯವಾದ ಪ್ರಶ್ನೆಯೇ. ಆದರೆ ರೇಷ್ಮೆ ಮಾನಿನಿ. ಒರಟು ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಹೊಲಿಗೆಯಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ತನ್ನ ಹೊಳಪಿನಿಂದಲೇ ಅದನ್ನು ಎತ್ತಿ ತೋರಿಸುತ್ತದೆ. ಉಣ್ಣೆ ಹಾಗಲ್ಲ, ಉಬ್ಬಿ ನಿಂತು ಪಕ್ಕದ ಹೊಲಿಗೆಯ ಸಂದನ್ನು ತಾನೇ ಮುಚ್ಚುತ್ತದೆ. ಹತ್ತು ಹೊಲಿಗೆ ಬೇಕಾದೆಡೆ ಆರರಲ್ಲಿ ಎಲೆ ತುಂಬುತ್ತದೆ. ಕೈ ಪಳಗಿದ ಮೇಲೆ ರೇಷ್ಮೆಗೆ ಹೋಗುವುದಕ್ಕೆ ಅಡ್ಡಿಯೇನೂ ಇಲ್ಲ.

ಇನ್ನು ಬಟ್ಟೆ. ಯೂರೋಪಿನವರು ಬಳಸಿದ್ದು ಲಿನನ್, ಎಂದರೆ ಅಗಸೆಯ ನಾರಿನ ಬಟ್ಟೆ. ಉತ್ತರ ಕರ್ನಾಟಕದವರು ಬೀಜವನ್ನು ಹುರಿದು ಚಟ್ನಿಪುಡಿ ಮಾಡಿಕೊಳ್ಳುವರಲ್ಲ, ಅದೇ ಜಾತಿಯ ಗಿಡದ ಕಾಂಡದಿಂದ ಬರುವ ನಾರು ಅದು. ನಮಗೆ ದಪ್ಪ ಖಾದಿಯೋ, ಅಂಗಡಿಯವರು ಕೇಸ್‌ಮೆಂಟ್ ಎಂದು ಕರೆಯುವ ಹತ್ತಿಬಟ್ಟೆಯೋ, ಮಗ್ಗದ ಹಾಸುಬಟ್ಟೆಯೋ ಧಾರಾಳವಾಗಿ ಆದೀತು. ತೆಳುವಾದ ಮಲ್ಲು ಬೇಡ. ಉಣ್ಣೆಯ ಭಾರಕ್ಕೆ ಅದು ಸುಕ್ಕುಗಟ್ಟುತ್ತದೆ. ತಂದ ಬಟ್ಟೆಯನ್ನು ಎರಡು ಬಾರಿ ಒಗೆದು ಒಣಗಿಸಿದ ಮೇಲೆಯೇ ಸೂಜಿ ಹಿಡಿಯತಕ್ಕದ್ದು. ಹತ್ತಿ ಮೊದಲ ನೀರಿನಲ್ಲಿ ಕುಗ್ಗುತ್ತದೆ. ಮೇಲಿನ ಉಣ್ಣೆ ಅದರ ಜೊತೆ ಅದೇ ಪ್ರಮಾಣದಲ್ಲಿ ಕುಗ್ಗದೆ, ನಿಮ್ಮ ಎಲೆ ಬಾಣಲೆಯ ಹಪ್ಪಳದಂತೆ ಮುದುರಿಕೊಂಡೀತು.

ಉಣ್ಣೆ ಕೊಳ್ಳುವಾಗ ಎಚ್ಚರ ಬೇಕು. ‘ಉಲ್ಲನ್’ ಎಂದು ನಮ್ಮ ಪೇಟೆಗಳಲ್ಲಿ ಮಾರುವ ಉಂಡೆಗಳಲ್ಲಿ ಬಹುಪಾಲು ಕುರಿಯ ಮುಖ ಕಂಡವಲ್ಲ, ಅವು ಅಕ್ರಿಲಿಕ್. ಒಂದು ಎಳೆಯ ತುದಿಗೆ ಬೆಂಕಿ ತಾಗಿಸಿ ನೋಡಿ. ಕೂದಲು ಸುಟ್ಟ ವಾಸನೆ ಬಂದು, ಕರಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಮತ್ತೊಂದು. ಅಕ್ರಿಲಿಕ್ಕಿನಲ್ಲಿ ಅಭ್ಯಾಸ ಮಾಡಬಹುದು, ಬಿಸಿ ಇಸ್ತ್ರಿಯಿಂದ ದೂರವಿಡಬೇಕಷ್ಟೆ. ನಮ್ಮ ಕಂಬಳಿಯ ಉಣ್ಣೆ ಈ ಕೆಲಸಕ್ಕೆ ತೀರ ಒರಟು. ಸಣ್ಣ ಎಳೆಯ ಹೆಣಿಗೆ ಉಣ್ಣೆ ಸಿಕ್ಕಿದರೆ ಉತ್ತಮ. ಅದೂ ಸಿಗದಿದ್ದರೆ ಆರೆಳೆಯ ಹತ್ತಿದಾರದ ಲಡಿಯನ್ನು ಬಿಡಿಸದೆ ಹಾಗೆಯೇ ಬಳಸಿ. ಸೂಜಿಗೆ ಮೊನೆ ಚೂಪಾಗಿರಬೇಕು, ಕಣ್ಣು ಉದ್ದವಾಗಿರಬೇಕು. ದಾರದ ಅಳತೆಗೆ ಟೇಪು ಬೇಡ. ಹೂವು ಮಾರುವವರು ಮೊಣಕೈಯಿಂದ ಬೆರಳ ತುದಿಗೆ ಅಳೆಯುವ ಒಂದು ಮೊಳವೇ ಸರಿಯಾದ ಉದ್ದ. ಅದಕ್ಕಿಂತ ಉದ್ದ ತೆಗೆದುಕೊಂಡರೆ ಉಣ್ಣೆ ಮತ್ತೆ ಮತ್ತೆ ಬಟ್ಟೆಯನ್ನು ತೂರಿ ಸವೆದು, ಕಡೆಯ ಹೊಲಿಗೆಗಳು ಬಡಕಲಾಗುತ್ತವೆ. ತುದಿಗೆ ಗಂಟು ಹಾಕಬೇಡಿ. ದಿಂಬಿನ ಮೇಲೆ ಗಂಟು ಕೆನ್ನೆಗೆ ಒತ್ತುತ್ತದೆ. ಚಿತ್ರದ ಒಳಗೆ ಬರುವ ಕಡೆ ಎರಡು ಮೂರು ಸಣ್ಣ ಹೊಲಿಗೆ ಹಾಕಿ ಅದರ ಮೇಲೆಯೇ ಮುಂದುವರಿದರೆ ದಾರ ನಿಲ್ಲುತ್ತದೆ.

ಚಿತ್ರ ಎಲ್ಲಿಂದ ತರುವುದು? ಅಚ್ಚಾದ ಮಾದರಿಪುಸ್ತಕಗಳನ್ನು ಹುಡುಕುವ ಮೊದಲು ನಂದಿಗೆ ಒಮ್ಮೆ ಹೋಗಿಬನ್ನಿ ಎಂದೇನು ನಾನು. ಬೆಟ್ಟದ ಮೇಲಲ್ಲ, ಕೆಳಗಿನ ಊರಿಗೆ. ಅಲ್ಲಿನ ಭೋಗನಂದೀಶ್ವರ ದೇವಾಲಯದ ಕಲ್ಯಾಣಮಂಟಪದ ಕಂಬಗಳಲ್ಲಿ ಬಳ್ಳಿ ಸುತ್ತಿಕೊಳ್ಳುವ ಬಗೆಯನ್ನೂ ಅದರ ನಡುವೆ ಹಕ್ಕಿ ಕುಳಿತ ಭಂಗಿಯನ್ನೂ ನೋಡಿದವರಿಗೆ ಇಂಗ್ಲೆಂಡಿನ ಮಾದರಿಯ ಅಗತ್ಯ ಬೀಳಲಾರದು. ಕಲ್ಲಿನಲ್ಲಿ ಅಷ್ಟು ಬಳುಕಿದ ಗೆರೆ ಉಣ್ಣೆಯಲ್ಲಿ ಬಳುಕದೆ? ಕಾಗದದ ಮೇಲೆ ಬರೆದುಕೊಂಡು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ, ಬಟ್ಟೆಯ ಮೇಲಿಟ್ಟು, ನೀಲಿಪುಡಿಯನ್ನು ಅರಿವೆಯ ಉಂಡೆಯಿಂದ ಮೆಲ್ಲಗೆ ತಟ್ಟಿದರೆ ಚುಕ್ಕೆಗಳು ಮೂಡುತ್ತವೆ. ರಂಗೋಲಿಯ ಅಚ್ಚು ಬಲ್ಲ ನಾಡಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಚುಕ್ಕೆಗಳನ್ನು ಪೆನ್ಸಿಲಿನಿಂದ ಕೂಡಿಸಿ ಪುಡಿಯನ್ನು ಕೊಡವಿಬಿಡಿ.

ಆರಂಭಕ್ಕೆ ಎರಡು ಹೊಲಿಗೆ ಸಾಕು. ಬಳ್ಳಿಗೆ ಕಾಂಡದ ಹೊಲಿಗೆ: ಗೆರೆಯ ಮೇಲೆ ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದಕ್ಕೆ ಬಂದು ಏಳುವುದು, ದಾರ ಯಾವಾಗಲೂ ಗೆರೆಯ ಒಂದೇ ಪಕ್ಕಕ್ಕಿರಬೇಕು. ಆಗ ಅದು ಹಗ್ಗದ ಹುರಿಯಂತೆ ಕೂಡಿಕೊಳ್ಳುತ್ತದೆ. ಪಕ್ಕ ಬದಲಾದರೆ ಹುರಿ ಒಡೆಯುತ್ತದೆ. ಎಲೆಗೆ ಉದ್ದ-ಗಿಡ್ಡ ಹೊಲಿಗೆ: ಅಂಚಿನಿಂದ ಒಳಕ್ಕೆ ಒಂದು ಉದ್ದ, ಒಂದು ಗಿಡ್ಡ, ಮುಂದಿನ ಸಾಲು ಆ ತುದಿಗಳನ್ನೇ ತೂರಿಕೊಂಡು ಏಳುತ್ತದೆ. ಹಸಿರಿನಲ್ಲಿ ಮೂರು ಛಾಯೆಗಳನ್ನು ಇಟ್ಟುಕೊಂಡರೆ ಎಲೆಯ ಮೇಲೆ ಬಿಸಿಲು ಬಿದ್ದಂತಾಗುವುದು ಈ ಹೊಲಿಗೆಯಿಂದಲೇ. ಉದ್ದನೆಯ ಎಳೆಗಳನ್ನು ಅಡ್ಡಡ್ಡ ಹಾಯಿಸಿ, ಕೂಡಿದೆಡೆಯೆಲ್ಲ ಪುಟ್ಟ ಹೊಲಿಗೆಯಿಂದ ಬಿಗಿಯುವ ಜಾಲರಿಯ ಕೆಲಸ ಬಲು ಚೆಲುವು. ಅದೇ ದೇವಾಲಯದ ಜಾಲಂಧ್ರಗಳನ್ನು ನೆನಪಿಗೆ ತರುತ್ತದೆ. ಆದರೆ ಅದನ್ನು ಪರದೆಗೆ ಮೀಸಲಿಡಿ. ಹಾಸುಹೊದಿಕೆಯಲ್ಲಾದರೆ ಬಳೆ, ಕಾಲುಂಗುರಗಳಿಗೆ ಸಿಕ್ಕಿ ಒಂದೇ ರಾತ್ರಿಯಲ್ಲಿ ಕಿತ್ತುಬಂದೀತು. ಹಾಗೆಯೇ ದಿಂಬಿನ ಗವಸಿನ ನಡುಭಾಗ ತಲೆಗೆ ಸೇರಿದ್ದು. ಬಳ್ಳಿ ಅಂಚಿನಲ್ಲಿ ಹರಿಯಲಿ. ಮೊದಲ ಕೆಲಸ ಒಂದು ಗವಸು, ಒಂದು ಗೇಣುದ್ದದ ಬಳ್ಳಿ, ಐದು ಎಲೆ. ಇಡೀ ಮಂಚದ ಹೊದಿಕೆಗೆ ಮೊದಲೇ ಕೈಹಾಕಿದವರ ಮರ ಬಹುಮಟ್ಟಿಗೆ ದಿಬ್ಬದಲ್ಲಿಯೇ ನಿಂತುಹೋಗುವುದನ್ನು ಕಂಡಿದ್ದೇನೆ.

ಇದರಿಂದ ಸಂಪಾದನೆಯುಂಟೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇಲ್ಲವೆಂದು ಮೊದಲೇ ಹೇಳಿಬಿಡುವುದು ಮೇಲು. ಯಂತ್ರ ನಿಮಿಷಗಳಲ್ಲಿ ಹಾಕುವ ಹೂವಿನೊಡನೆ ಹೊಸಬರ ಕೈ ಬೆಲೆಯಲ್ಲಿ ಸೆಣಸಲಾರದು. ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ಸಿದ್ಧ ಉಡುಪಿನ ಕೆಲಸವೂ ನಡೆಯುತ್ತದೆ. ಅಂಥ ಕೆಲಸದಲ್ಲಿ ಒಬ್ಬಳು ದಿನವಿಡೀ ಕಾಲರನ್ನೇ ಹೊಲಿಯುತ್ತಾಳೆ, ಇನ್ನೊಬ್ಬಳು ಜೇಬನ್ನೇ. ಇಡೀ ಅಂಗಿ ಯಾರ ಕೈಯದೂ ಅಲ್ಲ. ತೊಡುವವನು ಯಾರೆಂಬುದೂ ತಿಳಿಯದು. ಸಂಜೆ ಬಸ್ಸಿಳಿದು, ಅಡಿಗೆ ಮುಗಿಸಿದವಳಿಗೆ ‘ಬಾ, ಸೂಜಿ ಹಿಡಿ’ ಎನ್ನುವ ಧೈರ್ಯ ನನಗಿಲ್ಲ. ಅವಳಿಗೆ ನಿದ್ರೆ ಬೇಕು. ಆದರೆ ಭಾನುವಾರದ ಒಂದು ಗಂಟೆಯನ್ನು ಅವಳು ತನ್ನದೆಂದು ತೆಗೆದಿಟ್ಟುಕೊಂಡರೆ, ಬರೆದ ಗೆರೆಯಿಂದ ಕಡೆಯ ಹೊಲಿಗೆಯವರೆಗೆ ತನ್ನ ಕೈಯೊಂದೇ ನಡೆದ ಬಟ್ಟೆ ಮನೆಯಲ್ಲಿ ಒಂದಾದರೂ ಇರುತ್ತದೆ. ಅವಳಿಗೆ ಅದನ್ನು ಯಾರೆದುರಿಗೂ ಪರೀಕ್ಷೆಗೆ ಇಡಬೇಕಾಗಿಲ್ಲ.

ಒಗೆಯುವ ಭಯದ ವಿಷಯ ಉಳಿಯಿತು. ಕೆಂಪು, ನೀಲಿ ಉಣ್ಣೆಗಳನ್ನು ಬಳಸುವ ಮೊದಲೇ ಒದ್ದೆ ಬಿಳಿಬಟ್ಟೆಯ ನಡುವೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಆ ದಾರವನ್ನು ದೂರವಿಡಿ. ತಣ್ಣೀರಿನಲ್ಲಿ ಅಂಟುವಾಳದ ನೊರೆ ಮಾಡಿ, ಅದರಲ್ಲಿ ಅದ್ದಿ ಹಿಸುಕಿ, ಹಿಂಡದೆ ಟವಲಿನಲ್ಲಿ ಸುತ್ತಿ ನೀರು ತೆಗೆದು, ನೆರಳಲ್ಲಿ ಹರಡಿ ಒಣಗಿಸಬೇಕು. ಒಗೆಯುವ ಕಲ್ಲು ಕೂಡದು, ಬಿಸಿನೀರೂ ಕೂಡದು. ಇಸ್ತ್ರಿ ಹಾಕುವಾಗ ದಪ್ಪ ಟವಲಿನ ಮೇಲೆ ಹೂವಿನ ಮುಖ ಕೆಳಗೆ ಮಾಡಿ ಹಿಂಬದಿಯಿಂದ ಒತ್ತಿದರೆ ಉಣ್ಣೆ ಚಪ್ಪಟೆಯಾಗುವುದಿಲ್ಲ. ಉಣ್ಣೆಯನ್ನು ತಿನ್ನುವ ಹುಳುವಿಗೆ ಬೇಕಾದದ್ದು ಕದಲದ ಕತ್ತಲೆ. ದಿನವೂ ಕೊಡವಿ ಹಾಸುವ ಬಟ್ಟೆಗಿಂತ ಟ್ರಂಕಿನ ತಳದ ಬಟ್ಟೆಗೇ ಅದರ ಕಾಟ ಹೆಚ್ಚು. ಬಳಸುತ್ತ ಬಳಸುತ್ತ ನಾಲ್ಕಾರು ವರ್ಷಗಳಲ್ಲಿ ಅಂಚಿನ ಎಲೆಯೊಂದು ಸವೆಯಬಹುದು. ಅದಕ್ಕಾಗಿ ಮಿಕ್ಕ ಉಣ್ಣೆಯನ್ನು ಬಿಸಾಡದೆ, ಬಣ್ಣ ಬಣ್ಣವಾಗಿ ರಟ್ಟಿನ ಚೂರಿಗೆ ಸುತ್ತಿ, ಹೊಲಿಗೆಯ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಅದೇ ಹಸಿರು ಎರಡನೆಯ ಸಲ ಅಂಗಡಿಯಲ್ಲಿ ಸಿಗುವುದು ಅಪರೂಪ.